ಬಾಯಿ ತುಂಬ ನೀರಿದ್ದಾಗ ಕೇಳಿದ ಕೂಗು

ಮೊದಲೇ ಹೇಳಿಬಿಡುತ್ತೇನೆ, ಆ ದಿನ ಬೆಳಿಗ್ಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ರಾಜಸ್ಥಾನದ ಮರಳುಗಾಡಿನ ಒಂದು ದಿಬ್ಬದ ಮೇಲೆ ನಿಂತು, ಯಾರೂ ಕೇಳದಿದ್ದರೂ, ತೀರಿಹೋದ ಒಬ್ಬ ಹಿರಿಯರ ದನಿಯನ್ನು ಅವರ ಮಗನ ಎದುರಿಗೇ ನಕಲು ಮಾಡಿದ ಬುದ್ಧಿವಂತ ನಾನೇ. ಪೆದ್ದುತನ, ಒಪ್ಪಿಕೊಂಡೆ. ಆದರೆ ಅದೇ ಮಧ್ಯಾಹ್ನ ಕೇಳಿಬಂದ ಎರಡನೆಯ ಕೂಗು ನನ್ನದಲ್ಲ. ಇದನ್ನು ಸೊಕ್ಕೆಯಲ್ಲಿ ಹೇಳಿದೆ, ಜಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ಹೇಳಿದೆ, ನಮ್ಮ ಮನೆಯಲ್ಲೂ ಹೇಳಿದೆ. ಯಾರೂ ನಂಬಲಿಲ್ಲ. ನೀವು ನನ್ನ ದನಿ ಕೇಳಿದವರಲ್ಲವಲ್ಲ, ಅದಕ್ಕೇ ನಿಮಗೆ ಹೇಳಲು ಧೈರ್ಯ ಬಂದಿದೆ.

ದೆವ್ವ, ಪೀಡೆ, ಸತ್ತವರು ಕರೆಯುವುದು, ಇವನ್ನೆಲ್ಲ ನಾನು ಎಂದೂ ನಂಬಿದವನಲ್ಲ. ನಂಬದಿರಲು ನನಗೆ ಉದ್ಯೋಗದ ಕಾರಣವೇ ಇತ್ತು. ನಮ್ಮ ಕಡೆ ಈಚಿನ ವರ್ಷಗಳಲ್ಲಿ ಕೇಳಿಬಂದ ವಿಚಿತ್ರ ದನಿಗಳಲ್ಲಿ ಅರ್ಧ ನನ್ನವೇ. ಚನ್ನಗಿರಿಯವನು ನಾನು, ಗಂಟಲು ನಂಬಿ ಬದುಕುವವನು. ಹೊನ್ನಾಳಿ, ನ್ಯಾಮತಿಗಳ ಬೀದಿಯಲ್ಲಿ ಮೈಕ್ ಕಟ್ಟಿಕೊಂಡು ತಿರುಗುವ ಪ್ರಚಾರದ ಆಟೋ ನೋಡಿರುತ್ತೀರಿ. "ಬನ್ನಿ ಬನ್ನಿ, ತಾಯಂದಿರೇ, ಅಕ್ಕಂದಿರೇ" ಎಂದು ಅದರಲ್ಲಿ ಕರೆಯುವ ಗಂಡಸೂ ನಾನೇ, "ಹೌದೇನ್ರೀ, ಎಲ್ಲೈತ್ರೀ ಆ ಅಂಗಡಿ?" ಎಂದು ಕೇಳುವ ಹೆಂಗಸೂ ನಾನೇ. ಮದುವೆಯ ಆರತಕ್ಷತೆಗಳಲ್ಲಿ ಮಿಮಿಕ್ರಿ. ಅಡಿಕೆಯ ಮಾತು ಬಂದ ಕೂಡಲೇ ಪಕ್ಕದ ಮನೆಯವರು ಕದ್ದು ಕೇಳುತ್ತಿದ್ದಾರೆಂದು ಪಿಸುಗುಡುವ ಉಬ್ರಾಣಿಯ ನಮ್ಮ ಸೋದರಮಾವ, ಬಸ್ಸು ಹೊರಟ ಮೇಲೆಯೇ ಅದು ಎಲ್ಲಿಗೆ ಹೋಗುತ್ತದೆಂದು ಕೂಗುವ ಹೊನ್ನಾಳಿಯ ಕಂಡಕ್ಟರು, ಇವರೆಲ್ಲ ನನ್ನ ಅನ್ನದಾತರು. ನನ್ನ ಸ್ವಂತ ದನಿ ಯಾವುದೆಂದು ನಮ್ಮವ್ವನಿಗೇ ಖಾತ್ರಿಯಿಲ್ಲ. ಊಟಕ್ಕೆ ಕರೆದಾಗ ಓಗೊಡುವುದೇ ನನ್ನದಿರಬೇಕೆಂದು ಆಕೆ ತೀರ್ಮಾನಿಸಿದ್ದಾಳೆ.

ಹಾಲೇಶ ನನ್ನ ಗೆಳೆಯ, ಜಗಳೂರು ತಾಲೂಕಿನ ಸೊಕ್ಕೆಯವನು. ದಾವಣಗೆರೆಯ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದೆವು. ರಜೆ ಬಂತೆಂದರೆ ನಾನು ಚನ್ನಗಿರಿಗೆ ಹೋಗುವ ಬದಲು ಅವನ ಹಿಂದೆ ಸೊಕ್ಕೆಗೆ ಹೋಗುತ್ತಿದ್ದೆ. ಅಲ್ಲಿ ಅವನ ಅಪ್ಪ ಇದ್ದರು, ತಿಪ್ಪಣ್ಣಮಾವ. ಮೆಕ್ಕೆಜೋಳ, ಶೇಂಗಾ, ಅದರ ಜೊತೆಗೆ ಒಂದು ಕುರಿಹಿಂಡು. ಕುರಿ ಸಾಕುವವರ ಕೂಗು ಒಬ್ಬೊಬ್ಬರದು ಒಂದೊಂದು ರೀತಿ ಎಂಬುದು ನನಗೆ ತಿಳಿದದ್ದು ಅವರಿಂದಲೇ. ನೀರಿಗೆ ಬಂದ ಎರಡು ಹಿಂಡು ಬೆರೆತುಹೋದರೆ ಅಲ್ಲಿ ಯಾರೂ ಕುರಿ ಹಿಡಿದು ಎಳೆದಾಡುವುದಿಲ್ಲ. ಇಬ್ಬರೂ ಎರಡು ಕಡೆ ಹೋಗಿ ನಿಂತು ತಮ್ಮ ತಮ್ಮ ಕೂಗು ಹಾಕುತ್ತಾರೆ. ಬಾಚಣಿಗೆಯಲ್ಲಿ ಬೈತಲೆ ತೆಗೆದ ಹಾಗೆ ಹಿಂಡು ಎರಡಾಗುತ್ತದೆ.

ತಿಪ್ಪಣ್ಣಮಾವನ ಕೂಗು ಹೀಗಿತ್ತು. ನಾಲಿಗೆಯನ್ನು ಅಂಗುಳಕ್ಕೆ ಎರಡು ಸಲ ಬಡಿದು ಟೊಕ್ ಟೊಕ್ ಎನ್ನಿಸುವರು, ಆಮೇಲೆ ಎದೆಯಾಳದಿಂದ ಉದ್ದಕ್ಕೆ "ಹೋಓಓ ಬಾ". ಆ ಹೋ ಎಂಬುದರ ನಡುವೆ ದನಿ ಒಂದು ಕಡೆ ಹರಿದು, ಮತ್ತೆ ತಾನೇ ಹೊಲಿದುಕೊಳ್ಳುತ್ತಿತ್ತು. ಉಳಿದದ್ದೆಲ್ಲ ನಾನು ಒಂದೇ ಬೇಸಿಗೆಯಲ್ಲಿ ಕಲಿತೆ. ಆ ಹರಿದು ಹೊಲಿದುಕೊಳ್ಳುವುದು ಮಾತ್ರ ಬರಲಿಲ್ಲ. ನಾನು ಹರಿದರೆ ಹರಿದೇ ಹೋಗುತ್ತಿತ್ತು. ಕುರಿಗಳು ಅಷ್ಟೊಂದು ವಿಮರ್ಶಕರಲ್ಲವಾದ್ದರಿಂದ ಬೇಲಿಯ ಹಿಂದೆ ಅಡಗಿ ನಾನು ಕೂಗಿದರೂ ಓಡಿಬರುತ್ತಿದ್ದವು. ಹಾಲೇಶನೂ ಎಷ್ಟೋ ಸಲ "ಏನಪ್ಪಾ?" ಎನ್ನುತ್ತ ಎದ್ದುಬಂದು, ಬೇಲಿಯ ಹಿಂದೆ ನನ್ನನ್ನು ಕಂಡು ಚಪ್ಪಲಿ ಎಸೆದಿದ್ದಾನೆ.

ತಿಪ್ಪಣ್ಣಮಾವ ಒಂದೇ ಒಂದು ಸಲ ನನ್ನನ್ನು ಗದರಿದ್ದು. "ಲೇ ಚನ್ನಗಿರಿ," ಅಂದರು. ಅವರು ನನ್ನ ಹೆಸರು ಹಿಡಿದು ಕರೆದವರೇ ಅಲ್ಲ. "ಕೂಗು ಹಾಕಿದ ಮ್ಯಾಲೆ ಅವಕ್ಕೆ ನೀರಾದ್ರೂ ತೋರಿಸ್ಬೇಕು, ನೆಳ್ಳಾದ್ರೂ ತೋರಿಸ್ಬೇಕು. ಸುಮ್ ಸುಮ್ನೆ ಕರೆದ್ರೆ ಮೋಸ ಆಗ್ತೈತೆ ಕಣಲೇ." ನಾನು ತಕ್ಷಣ ಅದನ್ನೂ ಅವರದೇ ದನಿಯಲ್ಲಿ ತಿರುಗಿ ಹೇಳಿದೆ. ಅವರಿಗೂ ನಗು ತಡೆಯಲಾಗಲಿಲ್ಲ.

ಅವರು ತೀರಿಕೊಂಡದ್ದು ಹೊಲದಲ್ಲಿ, ಹಾಡಹಗಲು. ಮನೆಯ ಹಿಂದಿನ ಹೊಲ ಅದು, ಕೂಗಿದರೆ ಕೇಳುವಷ್ಟು ಹತ್ತಿರ. ಹಾಲೇಶ ಮನೆಯ ಪಡಸಾಲೆಯಲ್ಲಿ ಮಲಗಿದ್ದನಂತೆ. ಇಳಿಹೊತ್ತಿಗೆ ಕುರಿಗಳು ತಾವಾಗಿಯೇ ಮನೆಗೆ ಬಂದವು, ಹಿಂದೆ ಯಾರೂ ಇರಲಿಲ್ಲ. ಹೋಗಿ ನೋಡಿದರೆ ಜಾಲಿಮರಕ್ಕೆ ಇನ್ನೂ ಸ್ವಲ್ಪ ದೂರವಿರುವಾಗಲೇ ಅವರು ಬಿದ್ದಿದ್ದರು. ಎದೆನೋವು ಎಂದರು. ಆ ಹೊತ್ತಿನಲ್ಲಿ ನಾನು ಹೊನ್ನಾಳಿಯ ಒಂದು ಕೋಣೆಯಲ್ಲಿ, ಹೊರಗಿನ ಸದ್ದು ಬಾರದಿರಲೆಂದು ತಲೆತುಂಬ ಕಂಬಳಿ ಹೊದ್ದು, ಪಾತ್ರೆ ಅಂಗಡಿಯೊಂದರ ಜಾಹೀರಾತು ರೆಕಾರ್ಡ್ ಮಾಡುತ್ತಿದ್ದೆ. ಸುದ್ದಿ ತಿಳಿದು ಮಣ್ಣಿಗೆ ಹೋದೆ. ಹಾಲೇಶ ಅಂದು ನನ್ನ ಮುಖ ನೋಡಲಿಲ್ಲ. ದುಃಖ ಅಂದುಕೊಂಡೆ.

ಅಪ್ಪನ ಹಿಂಡನ್ನು ಹಾಲೇಶ ಮಾರಲಿಲ್ಲ, ಬೆಳೆಸಲು ಹೊರಟ. ಮೊಬೈಲಿನಲ್ಲಿ ದಿನಕ್ಕೊಂದು ಕುರಿಯ ವಿಡಿಯೋ ನೋಡಿ ನೋಡಿ, ಜೈಸಲ್ಮೇರ್ ಕಡೆಯ ಟಗರಿನ ಮೇಲೆ ಮನಸ್ಸು ಬಿತ್ತು. ಕಪ್ಪು ಮೂತಿ, ಬಾಗಿದ ಮೂಗು, ಜೋಲುಬಿದ್ದ ಉದ್ದ ಕಿವಿ, ನಮ್ಮ ಕುರಿಗಿಂತ ಎತ್ತರ. "ಒಂದು ಟಗರು ತಂದು ನಮ್ಮ ಕುರಿ ಜೊತೆ ಬಿಟ್ರೆ ತಳಿ ಹೆಂಗೆ ಬರ್ತೈತೆ ನೋಡು," ಎಂದ. ಅಲ್ಲಿನ ಖೇತಾರಾಮ್ ಎಂಬ ಕುರಿಗಾರ ಫೋನಿನಲ್ಲಿ ಪರಿಚಯವಾಗಿ, ಬಂದು ನೋಡಿ ಆರಿಸಿಕೊಳ್ಳಿ ಎಂದಿದ್ದ. ಹಾಲೇಶನಿಗೆ ಹಿಂದಿ ಬಾರದು. ನನಗೆ ಬರುತ್ತದೆಂದು ಅವನು ನಂಬಿದ್ದ. ನನಗೆ ಬರುತ್ತಿದ್ದುದು ಹಿಂದಿಯ ಧಾಟಿ, ಮಾತು ಅರೆಬರೆ. ಆದರೂ ಫೋನಿನಲ್ಲಿ ನಾನೇ ಮಾತಾಡಿದೆ, ಫೋನಿಟ್ಟ ಮೇಲೆ ಖೇತಾರಾಮನ ದನಿಯನ್ನೂ ನಕಲು ಮಾಡಿ ತೋರಿಸಿದೆ.

ಹೊರಟಿದ್ದು ಮೇ ತಿಂಗಳಲ್ಲಿ! ದೀಪಾವಳಿ ಕಳೆದ ಮೇಲೆ ಬನ್ನಿ, ಈಗ ಬಿಸಿಲು ಬಹಳ ಎಂದು ಖೇತಾರಾಮ್ ಹೇಳಿದ್ದ. ಅದಕ್ಕೆ ನಾವಿಬ್ಬರೂ ನಕ್ಕೆವು. "ಜಗಳೂರಿನೋರಿಗೆ ಬಿಸಿಲಿನ ಪಾಠ ಮಾಡಾಕೆ ಬರ್ತಾನಲ್ಲೋ," ಎಂದ ಹಾಲೇಶ. ಈ ತಪ್ಪನ್ನು ನಮ್ಮ ಬಯಲುಸೀಮೆಯವರು ಮಾತ್ರ ಮಾಡಬಲ್ಲರು. ಮಲೆನಾಡಿನವನಾಗಿದ್ದರೆ ಛತ್ರಿಯಾದರೂ ಒಯ್ಯುತ್ತಿದ್ದ. ನಾವು ಬಿಸಿಲನ್ನು ಬಂಧುವೆಂದು ತಿಳಿದು ಬರಿಗೈಲಿ ಹೊರಟೆವು.

ದಾವಣಗೆರೆಯಲ್ಲಿ ಜೋಧಪುರದ ರೈಲು ಹತ್ತಿದೆವು. ಗುಜರಾತ್ ದಾಟಿ ಅಬು ಬಂದಾಗ ಬೆಟ್ಟಗಳು ಕಂಡವು, ಅರಾವಳಿ. ಅದರಾಚೆಗೆ ಹಸಿರು ಕರಗುತ್ತ ಹೋಯಿತು. ಒಂದು ನದಿ ದಾಟಿದೆವು, ಲೂಣಿ. ನೀರಿರಲಿಲ್ಲ, ಪಾತ್ರದ ತುಂಬ ಬೆಳ್ಳಗೆ ಉಪ್ಪು. ಆ ನದಿ ಸಮುದ್ರ ಸೇರುವುದೇ ಇಲ್ಲವಂತೆ, ಕಚ್ಛದ ಜೌಗಿನಲ್ಲಿ ಇಂಗಿಹೋಗುತ್ತದಂತೆ. ಎದುರು ಕುಳಿತಿದ್ದ ಜೋಧಪುರದ ಒಬ್ಬ ಮೇಷ್ಟ್ರು ನಮಗೆ ಮಳೆಯ ಕತೆ ಹೇಳಿದರು. ಅರಬ್ಬೀ ಸಮುದ್ರದಿಂದ ಮೋಡ ಹೊತ್ತ ಗಾಳಿ ಬರುವುದೇನೋ ನಿಜ, ಆದರೆ ಅರಾವಳಿ ಅದಕ್ಕೆ ಅಡ್ಡ ನಿಲ್ಲದೆ ಪಕ್ಕಕ್ಕೆ ಸರಿದು ಮಲಗಿದೆ. ಗಾಳಿ ಬೆಟ್ಟದ ಮಗ್ಗುಲಲ್ಲೇ ಹಾದು ಮುಂದೆ ಹೋಗುತ್ತದೆ, ಪಶ್ಚಿಮದವರಿಗೆ ಏನೂ ಸಿಗುವುದಿಲ್ಲ. ಇದನ್ನು ಕನ್ನಡಕ್ಕೆ ತಂದು ಹೇಳಿದಾಗ ಹಾಲೇಶ ಕಿಟಕಿಯಾಚೆ ನೋಡುತ್ತ, "ಇವರ ಗುಡ್ಡ ಅಡ್ಡ ನಿಲ್ಲದೆ ಕೈಕೊಡ್ತು. ನಮಗೆ ಸಹ್ಯಾದ್ರಿ ಅಡ್ಡ ನಿಂತೇ ಎಲ್ಲ ಕಸ್ಕಂತು. ಯಾವ ಗುಡ್ಡ ನಂಬೋದಲೇ?" ಎಂದ. ನಾನು ನಕ್ಕೆ. ಅವನು ನಗಲಿಲ್ಲ.

ಜೈಸಲ್ಮೇರಿನಿಂದ ಜೀಪಿನಲ್ಲಿ ಖೇತಾರಾಮನ ಊರು ತಲುಪಿದೆವು. ರಾಜಸ್ಥಾನವೆಂದರೆ ಕಣ್ಣು ಹಾಯುವವರೆಗೆ ಹಳದಿ ಮರಳು, ಮೇಲೊಂದು ಒಂಟೆ ಎಂದು ಶಾಲೆಯ ಗೋಡೆಯ ಚಿತ್ರ ನೋಡಿ ನಂಬಿದ್ದೆ. ಬಹುಪಾಲು ನೆಲ ಗಟ್ಟಿ, ಜಲ್ಲಿಕಲ್ಲು, ಮುಳ್ಳುಪೊದೆ. ಜಗಳೂರಿನ ಹೊರವಲಯವನ್ನೇ ಇನ್ನಷ್ಟು ಹುರಿದಿಟ್ಟಂತಿತ್ತು. ಅದರ ನಡುನಡುವೆ ದಿಬ್ಬಗಳ ಸಾಲು. ಗಾಳಿ ಬರುವ ಕಡೆ ದಿಬ್ಬ ನುಣ್ಣಗೆ, ಇಳಿಜಾರಾಗಿ ಏರುತ್ತದೆ, ಆಚೆ ಕಡೆ ಕಡಿದಂತೆ ಬೀಳುತ್ತದೆ. ನೀವು ಇಟ್ಟ ಹೆಜ್ಜೆ ತಿರುಗಿ ನೋಡುವಷ್ಟರಲ್ಲಿ ತುಂಬಿಹೋಗಿರುತ್ತದೆ. ದಿಬ್ಬದ ಆಚೆಗಿದ್ದವನು ಕೂಗಿದರೂ ಈಚೆಗೆ ಕೇಳುವುದಿಲ್ಲ, ಮರಳು ಸದ್ದನ್ನೂ ನೀರಿನಂತೆ ಕುಡಿಯುತ್ತದೆ. ನೀರೆಂದರೆ, ನೆಲದೊಳಗೆ ಕಟ್ಟಿದ ಒಂದು ಗುಂಡು ತೊಟ್ಟಿ, ಮೇಲೆ ಗುಮ್ಮಟ, ಬಾಯಿಗೊಂದು ಮುಚ್ಚಳ. ಅದನ್ನವರು ಟಾಂಕಾ ಎನ್ನುತ್ತಾರೆ. ಸುತ್ತಲಿನ ನೆಲವನ್ನು ಗಾರೆಯಂತೆ ಮೆತ್ತಿ ಇಳಿಜಾರು ಮಾಡಿ, ಬಿದ್ದಷ್ಟು ಮಳೆಯನ್ನು ಅದಕ್ಕೆ ಇಳಿಸಿ ವರ್ಷವಿಡೀ ಕಾಯುತ್ತಾರೆ. ಚಪ್ಪಲಿ ಬಿಟ್ಟು ಹತ್ತಿರ ಹೋಗಬೇಕು. ಹಗಲು ಕಾದ ಮರಳು ರಾತ್ರಿ ಬೇಗ ಆರುತ್ತದೆ, ಬೆಳಗಿನ ಜಾವಕ್ಕೆ ಅಂಗಳದ ಮಂಚದಲ್ಲಿ ಹೊದಿಕೆ ಹುಡುಕಿದೆವು. ಒಂಬತ್ತು ಗಂಟೆಗೆಲ್ಲ ಅದೇ ಮರಳು ಒಲೆಯಾಗಿತ್ತು. ಬಿಸಿಲೆಂಬ ನಮ್ಮ ಬಂಧು ನಮ್ಮನ್ನು ಗುರುತು ಹಿಡಿಯಲಿಲ್ಲ.

ಇನ್ನೊಂದು ಸಂಗತಿ ಇಲ್ಲೇ ಹೇಳಬೇಕು. ಖೇತಾರಾಮನ ತಾಯಿ ನಮ್ಮೊಡನೆ ಮುಖ ತೆರೆದೇ ಮಾತಾಡುತ್ತಿದ್ದರು, ಬೇಟಾ ಬೇಟಾ ಎಂದು ಮಜ್ಜಿಗೆ ಸುರಿಯುತ್ತಿದ್ದರು. ನಾವು ಹೋದ ಸಂಜೆ ಅವರ ಗಂಡನ ಅಣ್ಣ, ನಡುಗುವ ಮುದುಕ, ಅಂಗಳಕ್ಕೆ ಬಂದಾಗ ಆಕೆ ಥಟ್ಟನೆ ಸೆರಗನ್ನು ಗಲ್ಲದವರೆಗೆ ಎಳೆದುಕೊಂಡು ಪಕ್ಕಕ್ಕೆ ತಿರುಗಿ ನಿಂತರು. ಗಂಡನಿಗಿಂತ ಹಿರಿಯರ ಎದುರು ಮಾತ್ರ ಹೀಗೆ, ಚಿಕ್ಕವರ ಎದುರು ಇಲ್ಲ ಎಂದು ಖೇತಾರಾಮ್ ವಿವರಿಸಿದ. ನಾನು ಟವೆಲ್ಲಿನಲ್ಲಿ ಅದನ್ನೂ ನಕಲು ಮಾಡಿ ತೋರಿಸಿದೆ. ಆಕೆಯೇ ಎಲ್ಲರಿಗಿಂತ ಹೆಚ್ಚು ನಕ್ಕರು.

ಮರುದಿನ ಟಗರು ಆರಿಸಲು ಹಿಂಡಿನ ಜೊತೆ ಹೋದೆವು. ಬೆಳಗಿನ ಹೊತ್ತು, ಇನ್ನೂ ಹಿತವಾಗಿತ್ತು. ದಿಬ್ಬದ ತುದಿ ಹತ್ತಿದವನಿಗೆ ಎದುರಿಗೆ ಅಷ್ಟು ಖಾಲಿ ಜಾಗ ಕಂಡಿತು. ಖಾಲಿ ಜಾಗ ಕಂಡರೆ ನನ್ನ ಗಂಟಲು ಕೇಳುವುದಿಲ್ಲ. ಟೊಕ್ ಟೊಕ್, ಹೋಓಓ ಬಾ. ತಿಪ್ಪಣ್ಣಮಾವನ ಕೂಗು.

ರಾಜಸ್ಥಾನದ ಕುರಿಗಳು ಕಿವಿಯನ್ನೂ ಅಲ್ಲಾಡಿಸಲಿಲ್ಲ. "ಕನ್ನಡ ಬರಲ್ಲ ಇವಕ್ಕೆ," ಎಂದೆ. ಖೇತಾರಾಮ್ ಚಪ್ಪಾಳೆ ತಟ್ಟಿದ. ಹಾಲೇಶ ಮೊದಲು ನಿಂತಲ್ಲೇ ನಿಂತ. ಆಮೇಲೆ ನಕ್ಕ, ನಗುತ್ತ ನಗುತ್ತ ಕಣ್ಣೊರೆಸಿಕೊಂಡ. ಕೊನೆಗೆ ನನ್ನ ಹತ್ತಿರ ಬಂದು ಮೆಲ್ಲಗೆ, "ಅಪ್ಪ ಹೋದ ಮ್ಯಾಲೆ ಇದೇ ಮೊದಲು ಕೇಳಿದ್ದು. ಇನ್ನೊಂದ್ ಸಲ ಮಾಡಬ್ಯಾಡಲೇ, ಕೈ ಮುಗೀತೀನಿ," ಎಂದ.

"ಮಾಡಲ್ಲ," ಎಂದೆ. ಮಾಡಲೂ ಇಲ್ಲ.

ಮಧ್ಯಾಹ್ನ ಹಿಂಡಿನ ಜೊತೆ ಟಾಂಕಾದ ಹತ್ತಿರ ಮರಳುವ ಹೊತ್ತಿಗೆ ಪಶ್ಚಿಮದ ಆಕಾಶ ಅರಿಶಿನ ಕಲಸಿದಂತಾಯಿತು. ಗಾಳಿ ಪೂರ್ತಿ ನಿಂತಿತ್ತು. ಆಂಧಿ ಬರುತ್ತದೆ, ಧೂಳುಗಾಳಿ, ಎಂದ ಖೇತಾರಾಮ್. ದೂರ ಚದುರಿದ್ದ ಕೆಲವು ಕುರಿ ತರಲು ತಾನು ಹೊರಡುತ್ತ, ನಮಗೆ ಟಾಂಕಾದ ಹತ್ತಿರವೇ ಇರಿ, ಕದಲಬೇಡಿ ಎಂದು ಹೇಳಿ ಹೋದ. ಅವನ ತಾಯಿ ಅಲ್ಲಿ ನೀರು ಸೇದುತ್ತಿದ್ದರು. ಹಾಲೇಶ ಕಲ್ಲೆಸೆತದಷ್ಟು ದೂರದಲ್ಲಿ ಹಿಂಡಿನ ನಡುವೆ ನಿಂತು, ತಾನು ಆರಿಸಿದ್ದ ಟಗರಿನ ಬೆನ್ನು ಸವರುತ್ತಿದ್ದ. ನನ್ನ ಗಂಟಲು ಸುಟ್ಟುಹೋಗಿತ್ತು. ಆಕೆ ಕೊಟ್ಟ ಚೊಂಬಿನಿಂದ ಗಟಗಟನೆ ಕುಡಿದು, ಕೊನೆಯ ಗುಟುಕನ್ನು ನುಂಗಲು ಮನಸ್ಸಾಗದೆ ಬಾಯಲ್ಲೇ ಇಟ್ಟುಕೊಂಡು ನಿಂತಿದ್ದೆ. ಎರಡೂ ಕೆನ್ನೆ ಉಬ್ಬಿದ್ದವು. ಬಾಯಿ ತುಂಬ ನೀರು.

ಆಗ ಕೂಗು ಕೇಳಿತು.

ಟೊಕ್ ಟೊಕ್. ಆಮೇಲೆ ಹೋಓಓ. ಅದು ನಡುವೆ ಹರಿಯಿತು, ಮತ್ತೆ ಹೊಲಿದುಕೊಂಡಿತು. ಬಾ.

ಪಶ್ಚಿಮದಿಂದ ಬಂತು, ಧೂಳಿನ ಗೋಡೆ ಏಳುತ್ತಿದ್ದ ಕಡೆಯಿಂದ. ಗಟ್ಟಿಯಾಗಿಯೂ ಇರಲಿಲ್ಲ. ಮನೆಯ ಹಿಂದಿನ ಹೊಲದಿಂದ ಕರೆದರೆ ಕೇಳುವಷ್ಟು. ದನಿಗಳ ವಿಷಯದಲ್ಲಿ ನಾನು ನೂರು ಸುಳ್ಳು ಹೇಳಿರಬಹುದು, ಆದರೆ ನಕಲು ಯಾವುದು ಅಸಲು ಯಾವುದು ಎಂದು ಗುರುತಿಸುವುದರಲ್ಲಿ ನನಗೆ ಮೋಸವಾಗುವುದಿಲ್ಲ. ನನಗೆ ಬರದಿದ್ದ ಆ ಹರುಕು ಅದರಲ್ಲಿತ್ತು.

ಬೆಳಿಗ್ಗೆ ಕಿವಿಯಲ್ಲಾಡಿಸದಿದ್ದ ಕುರಿಗಳು ಒಟ್ಟಿಗೇ ತಲೆಯೆತ್ತಿ ಪಶ್ಚಿಮಕ್ಕೆ ತಿರುಗಿದವು. ಖೇತಾರಾಮನ ತಾಯಿಯ ಕೈಯಿಂದ ಹಗ್ಗ ಜಾರಿತು. ಆಕೆ ಸೆರಗನ್ನು ಗಲ್ಲದವರೆಗೆ ಎಳೆದುಕೊಂಡು, ಪಶ್ಚಿಮಕ್ಕೆ ಬೆನ್ನು ಮಾಡಿ ಪಕ್ಕಕ್ಕೆ ನಿಂತರು. ಅತ್ತ ಯಾರೂ ಇರಲಿಲ್ಲ. ನಾನು ಬಾಯಲ್ಲಿದ್ದ ನೀರನ್ನು ಉಗುಳಲೂ ಆಗದೆ ನುಂಗಲೂ ಆಗದೆ ಹಾಲೇಶನನ್ನು ನೋಡಿದೆ. ಅವನು ನಡೆಯತೊಡಗಿದ್ದ. ಓಡಲಿಲ್ಲ, ಗಾಬರಿಯಾಗಲಿಲ್ಲ. "ಬಂದೆ ಅಪ್ಪಾ" ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಹಿಂಡು ಅವನ ಹಿಂದೆ ಹೋಯಿತು. ನೀರು ನುಂಗಿ, ಕೆಮ್ಮಿ, ನಾನು ಅವನ ಹೆಸರು ಕೂಗುವಷ್ಟರಲ್ಲಿ ಧೂಳು ಬಂದು ನಮ್ಮೆಲ್ಲರನ್ನೂ ಮುಚ್ಚಿಬಿಟ್ಟಿತು.

ಮುಂದಿನದನ್ನು ವರ್ಣಿಸಲು ನನಗೆ ಬಾರದು, ಏಕೆಂದರೆ ಏನೂ ಕಾಣಲಿಲ್ಲ. ಟಾಂಕಾದ ಗುಮ್ಮಟಕ್ಕೆ ಮುಖ ಒತ್ತಿ ಕುಳಿತೆವು. ಹಾಲೇಶ ಎಂದು ಕೂಗಲು ಬಾಯಿ ತೆರೆದರೆ ಬಾಯಿ ತುಂಬ ಮರಳು. ಅವನು ಆ ಒಲೆಯೊಳಗೆ ನೀರಿಲ್ಲದೆ, ದಾರಿ ಗೊತ್ತಿಲ್ಲದೆ ಹೋಗಿದ್ದಾನೆ, ಅವರವ್ವನಿಗೆ ಏನೆಂದು ಹೇಳಲಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಧೂಳು ಇಳಿದ ಮೇಲೆ ಖೇತಾರಾಮ್ ಬಂದ. ಹೆಜ್ಜೆ ಗುರುತು ಒಂದೂ ಉಳಿದಿರಲಿಲ್ಲ. ಬಹಳ ಹೊತ್ತು ಹುಡುಕಿದೆವು. ಎರಡು ದಿಬ್ಬದಾಚೆಯ ತಗ್ಗಿನಲ್ಲಿ ಒಂದು ಖೇಜ್ಡಿ ಮರವಿತ್ತು, ನಮ್ಮ ಬನ್ನಿಯ ಹತ್ತಿರದ ಬಳಗ. ಆ ಕಡೆಗೆಲ್ಲ ಇದ್ದ ಮರ ಅದೊಂದೇ. ಅದರ ಬುಡದಲ್ಲಿ ಕುರಿಗಳು ತಲೆ ಒಳಗೆ ಮಾಡಿ, ಮೈಗೆ ಮೈ ಒತ್ತಿ ನಿಂತಿದ್ದವು. ಅವುಗಳ ನಡುವೆ ಹಾಲೇಶ ಬಿದ್ದಿದ್ದ. ತುಟಿ ಒಡೆದಿತ್ತು, ಉಸಿರಿತ್ತು. ಸುತ್ತ ನಿಂತ ಕುರಿಗಳೇ ಮರಳು ಬಡಿಯದಂತೆ ತಡೆದಿದ್ದವು, ಇಲ್ಲದಿದ್ದರೆ ಸಿಗುತ್ತಿರಲಿಲ್ಲ ಎಂದ ಖೇತಾರಾಮ್. ಆ ಕೂಗು ಅವರನ್ನೆಲ್ಲ ಕರೆದೊಯ್ದದ್ದು ನೆರಳಿಗೆ. ಇದು ನನಗೆ ಹೊಳೆದದ್ದು ರೈಲಿನಲ್ಲಿ.

ನೀರು ಕುಡಿಸಿ, ಮುಖಕ್ಕೆ ತಟ್ಟಿ ಎಬ್ಬಿಸಿದಾಗ ಹಾಲೇಶ ಕಣ್ಣು ಬಿಟ್ಟು ನನ್ನನ್ನೇ ನೋಡಿದ. ಆಡಿದ್ದು ಒಂದೇ ಮಾತು. "ಯಾಕಲೇ ಹಿಂಗೆ ಮಾಡ್ದೆ?"

ಬಿಸಿಲು ತಲೆಗೇರಿದೆ ಅಂದುಕೊಂಡೆ. ಬಿಸಿಲು ಇಳಿಯಿತು, ಆ ಮಾತು ಇಳಿಯಲಿಲ್ಲ. ಟಗರು ಬೇಡವೆಂದ. ಬರಿಗೈಲಿ ರೈಲು ಹತ್ತಿದೆವು. ದಾರಿಯುದ್ದಕ್ಕೂ ನಾನು ನೀರಿನ ಕತೆ ಹೇಳಿದೆ, ಸೆರಗಿನ ಕತೆ ಹೇಳಿದೆ. ಅವನು ಮೇಲಿನ ಬರ್ತಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ದಾವಣಗೆರೆಯಲ್ಲಿ ಇಳಿದು ನನ್ನತ್ತ ತಿರುಗಿಯೂ ನೋಡದೆ ಜಗಳೂರು ಬಸ್ ಹತ್ತಿದ. ಕಾಲೇಜಿನ ದಿನಗಳಿಂದ ಒಂದೇ ತಟ್ಟೆಯಲ್ಲಿ ಉಂಡವನು ನನ್ನನ್ನು ತನ್ನನ್ನೇ ಕೊಲ್ಲಲು ಹೊರಟವನಂತೆ ನೋಡಿದನಲ್ಲ, ಆ ಸಂಕಟವನ್ನು ಏನೆಂದು ಹೇಳಲಿ? ಮಾಡದ ತಪ್ಪಿಗೆ ಬೈಸಿಕೊಳ್ಳುವುದು ನನಗೆ ಹೊಸದು. ಅಲ್ಲಿಯವರೆಗೆ ಬೈಸಿಕೊಂಡದ್ದೆಲ್ಲ ಮಾಡಿದ್ದಕ್ಕೇ.

ಸುದ್ದಿ ನನಗಿಂತ ಬೇಗ ಊರೂರು ತಿರುಗಿತು. ನ್ಯಾಮತಿಯಲ್ಲಿ ಒಂದು ಆರತಕ್ಷತೆಯಲ್ಲಿ ಮೈಕ್ ಹಿಡಿದಿದ್ದೆ. ಮುಂದಿನ ಸಾಲಿನ ಒಬ್ಬರು ಎದ್ದು, "ಸತ್ತೋರ ದನಿ ತೆಗೀತೀಯಂತಲ್ಲಪ್ಪಾ, ನಮ್ಮ ತಾತಂದು ಒಂದು ಹೊಡಿ ನೋಡಾಣ, ನೀನು ನೋಡಿಲ್ಲ, ನಾನೇ ಹೇಳಿಕೊಡ್ತೀನಿ," ಎಂದರು. ಜನ ಬಿದ್ದು ಬಿದ್ದು ನಕ್ಕರು. ನಾನೂ ನಗಬೇಕಾಯಿತು, ನಗುವುದೇ ನನ್ನ ಕೆಲಸವಲ್ಲವೇ. ಚನ್ನಗಿರಿಯ ನನ್ನ ಹಳೆಯ ವಿಜ್ಞಾನದ ಮೇಷ್ಟ್ರು ಮಾತ್ರ ಗಂಭೀರವಾಗಿ ಕೇಳಿಸಿಕೊಂಡರು. ಕಾದ ಗಾಳಿ, ತಣ್ಣನೆ ಗಾಳಿ ಪದರ ಪದರವಾಗಿದ್ದರೆ ಸದ್ದು ಬಾಗುತ್ತದೆ, ದೂರದ್ದು ಹತ್ತಿರ ಕೇಳುತ್ತದೆ, ಕಣ್ಣಿಗೆ ಬಿಸಿಲ್ಗುದುರೆ ಇದ್ದ ಹಾಗೆ ಕಿವಿಗೂ ಇರುತ್ತದೆ ಎಂದರು. "ಬಾಗಲಿ ಸರ್, ಆದರೆ ಬಾಗುವುದಕ್ಕೆ ಮೊದಲು ಯಾರಾದರೂ ಕೂಗಿರಬೇಕಲ್ಲ?" ಎಂದು ಕೇಳಿದೆ. ಅವರು ಕನ್ನಡಕ ಒರೆಸಿಕೊಂಡರು.

ಮಳೆ ಶುರುವಾಗುವ ಮುಂಚೆ ಒಂದು ದಿನ ಸೊಕ್ಕೆಗೆ ಹೋದೆ. ಹಾಲೇಶನ ತಾಯಿ ಅಂಗಳದಲ್ಲಿ ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದರು. ಎಂದಿನಂತೆ "ಬಾರಪ್ಪಾ" ಅನ್ನಲಿಲ್ಲ. ಹಾಲೇಶ ಕುರಿಗಳಿಗೆ ಮೇವು ಹಾಕುತ್ತಿದ್ದವನು ಕೈ ನಿಲ್ಲಿಸಲಿಲ್ಲ. ನಾನು ಜಗುಲಿಯ ಕೆಳಗೇ ನಿಂತು ಎಲ್ಲವನ್ನೂ ಮತ್ತೆ ಮೊದಲಿಂದ ಹೇಳಿದೆ.

"ಅವ್ವಾ, ನೀವಾದ್ರೂ ಹೇಳ್ರಿ," ಎಂದೆ. "ಬಾಯಿ ತುಂಬ ನೀರಿಟ್ಕೊಂಡು ಯಾರಾದ್ರೂ ಕೂಗಾಕೆ ಆಗ್ತೈತಾ?"

"ನೀನು ಏನು ಬೇಕಾದ್ರೂ ಮಾಡ್ತೀಯಪ್ಪಾ," ಎಂದರು ಅವರು, ತಲೆಯೆತ್ತದೆ. ಆಮೇಲೆ ಕೈಯಲ್ಲಿದ್ದ ಕಾಯಿ ಹಾಗೇ ಹಿಡಿದುಕೊಂಡು ಕೇಳಿದರು, "ನಡುವೆ ಒಡೀತಿತ್ತಾ? ಅವರದು ಒಡೀತಿತ್ತು."

"ಒಡೀತವ್ವಾ. ಒಡೆದು ಕೂಡ್ಕಂತು. ನನಗೆ ಅದು ಬರಲ್ಲ, ನಿಮಗೆ ಗೊತ್ತೈತಲ್ಲ."

ಅವರು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ನನಗೆ ಆಸೆ ಹುಟ್ಟಿತು. ಕೂಡಲೇ ಖೇತಾರಾಮನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಅವನು ತಾಯಿಯನ್ನೇ ಕರೆದು ಕೇಳಿಸಿದ. ಆಕೆ ಹೇಳಿದ್ದನ್ನು ಖೇತಾರಾಮ್ ಹಿಂದಿಯಲ್ಲಿ, ನಾನು ಕನ್ನಡದಲ್ಲಿ ದಾಟಿಸಿದೆವು. ಯಾರೋ ಹಿರಿಯರು ಕರೆದರು, ನಾನು ಸೆರಗು ಎಳೆದುಕೊಂಡೆ, ಆ ಹುಡುಗ ನೀರು ಕುಡಿಯುತ್ತಿದ್ದ. ಇಷ್ಟೇ ಆಕೆ ಹೇಳಿದ್ದು. ಗೆದ್ದೆ ಅಂದುಕೊಂಡು ಹಾಲೇಶನ ಮುಖ ನೋಡಿದೆ.

"ಖೇತಾರಾಮನ ದನಿ ರೈಲು ಹತ್ತೋ ಮುಂಚೇನೇ ತೆಗ್ದಿದ್ದಿ ನೀನು," ಎಂದ ಹಾಲೇಶ. "ಈಗ ಆ ಕಡೆ ಫೋನು ಹಿಡ್ಕಂಡು ಅವರ ದನಿ ತೆಗೀತಿರೋ ನಿನ್ನ ಶಿಷ್ಯ ಯಾವನು?"

ನನ್ನಂಥವನು ಸಾಕ್ಷಿ ತರುವುದೇ ಸಾಧ್ಯವಿಲ್ಲ ಎಂಬುದು ಆಗ ಅರ್ಥವಾಯಿತು. ಯಾವ ದನಿ ತಂದರೂ ಅದು ನನ್ನದೇ ಆಗುತ್ತದೆ. ಸಿಟ್ಟು ಬಂತು, ಅಳುವೂ ಬಂತು. "ಇಷ್ಟು ವರ್ಷದ ದೋಸ್ತಿಗಿಂತ ನಿನ್ನ ಅನುಮಾನ ದೊಡ್ಡದಾಯ್ತೇನಲೇ?" ಎಂದು ಕೂಗಿದೆ. "ನನ್ನ ಬಿಡು. ನಿಮ್ಮಪ್ಪನೇ ಕರೆದಿರಬಹುದು ಅಂತ ನಂಬಾಕೆ ನಿನಗೇನು ಕಷ್ಟ? ನೆಳ್ಳಿಗೆ ಕರ್ಕೊಂಡು ಹೋದ್ರಲ್ಲೋ ನಿನ್ನ!"

ಹಾಲೇಶ ಮೇವಿನ ಪುಟ್ಟಿ ಕೆಳಗಿಟ್ಟ. ಒಳಗಿದ್ದ ಅವ್ವನಿಗೆ ಕೇಳದಂತೆ ಹತ್ತಿರ ಬಂದ. ಮನೆಯ ಹಿಂದಿನ ಹೊಲದ ಜಾಲಿಮರವನ್ನೊಮ್ಮೆ ನೋಡಿ ನನ್ನ ಕಡೆ ತಿರುಗಿದ. ಆವತ್ತು ಅವನು ಹೇಳಿದ್ದನ್ನು ಒಂದಕ್ಷರ ಬದಲಿಸದೆ ಇಲ್ಲಿ ಬರೆಯುತ್ತಿದ್ದೇನೆ. ನಾನು ಯಾರ ದನಿಯಲ್ಲೂ, ನನ್ನದರಲ್ಲೂ, ಇನ್ನೊಮ್ಮೆ ಹೇಳಲಾರದ ಮಾತು ಅದೊಂದೇ.

"ಅಪ್ಪ ತೀರ್ಕಂಡ ದಿನ ಹೊಲದಾಗಿಂದ ಕೂಗಿದ್ರು. ನೀನು ಬಂದಿದೀಯ, ಬೇಲಿ ಹಿಂದೆ ಕೂಗ್ತಿದೀಯ ಅಂತ ತಿಳ್ಕಂಡು ಮಗ್ಗಲು ಬದಲಿಸಿ ಮಲಗಿದೆ. ಮರಳಿನಾಗೆ ಕೂಗಿದ್ದು ಅಪ್ಪ ಅಂತ ತಿಳ್ಕಂಡು ದನಿ ಹಿಂದೆ ಹೋದೆ. ಇನ್ನು ಯಾರು ಕೂಗಿದ್ರೂ ನಾನು ಏಳಲ್ಲ, ಹೋಗಲೇ."